‘ಇದ ನಮ್ ಮನಿ ಐತಿ’

ಕೇಳುಗರಿಗೆ ನಮಸ್ಕಾರ.

ನಮ್ಮೂರು ಅಥಣಿ ಕಡೆ, ಮಹಾರಾಷ್ಟ್ರದ ಗಡಿಗೆ ಹತ್ತಿರ. ಓದಲು ಬೇರೆ ಊರಿಗೆ ಹೋದ ಹೊಸತರಲ್ಲಿ ಹಾಸ್ಟೆಲಿನ ಗೆಳತಿಯರಿಗೆ ಮನೆಯ ಫೋಟೋ ತೋರಿಸಿ, ‘ಇದ ನಮ್ ಮನಿ ಐತಿ’ ಅಂದೆ. ಎಲ್ಲರೂ ನಕ್ಕರು. ‘ಇದು ನಮ್ಮ ಮನೆ’ ಅಂದರೆ ಸಾಕಲ್ವಾ, ಕೊನೆಗೆ ಆ ‘ಐತಿ’ ಯಾಕೆ? ಆಮೇಲೆ ಎಷ್ಟೋ ದಿನ ಅವರ ಮುಂದೆ ಬಾಯಿ ತೆರೆಯಲು ಹೆದರುತ್ತಿದ್ದೆ.

ಆ ‘ಐತಿ’ಯ ಗುಟ್ಟು ಗೊತ್ತಾಗಿದ್ದು ಬಹಳ ತಡವಾಗಿ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಅನ್ನುವ ವಿದ್ವಾಂಸರು 1971ರಲ್ಲಿ ಸಾಂಗ್ಲಿ ಜಿಲ್ಲೆಯ ಒಂದು ಹಳ್ಳಿಯ ಮಾತಿನ ಬಗ್ಗೆ ಬರೆದರು. ಹಳ್ಳಿಯನ್ನು ಅವರು ಕುಪ್ವಾರ ಅಂತ ಕರೆದಿದ್ದಾರೆ. ಆಗ ಅಲ್ಲಿ ಸುಮಾರು 3000 ಜನ. ಹೊಲವಿದ್ದ ಜೈನರ ಮನೆಮಾತು ಕನ್ನಡ, ಲಿಂಗಾಯತರದೂ ಕನ್ನಡ. ಮುಸ್ಲಿಮರದು ಉರ್ದು, ದಲಿತರದು ಮರಾಠಿ. ಹೊರಗೆ ದುಡಿಯುವಾಗ ಒಬ್ಬರ ಮಾತು ಇನ್ನೊಬ್ಬರಿಗೆ ಬೇಕೇ ಬೇಕು. ಹೀಗೆ ನೂರಾರು ವರ್ಷ ನಡೆದಿದೆ.

‘ಸ್ವಲ್ಪ ಸೊಪ್ಪು ಕೊಯ್ದು ತಗೊಂಡು ಬಂದೆ’ ಅನ್ನುವುದನ್ನು ಅಲ್ಲಿಯವರು ಹೇಗೆ ಹೇಳುತ್ತಿದ್ದರು, ಕಿವಿಗೊಟ್ಟು ಕೇಳಿ. ಉರ್ದುವಿನಲ್ಲಿ: ‘ಪಾಲಾ ಜರಾ ಕಾಟ್ ಕೆ ಲೇ ಕೆ ಆಯಾ.’ ಮರಾಠಿಯಲ್ಲಿ: ‘ಪಾಲಾ ಜರಾ ಕಾಪೂನ್ ಘೇಊನ್ ಆಲೋ.’ ಕನ್ನಡದಲ್ಲಿ: ‘ತಪ್ಲಾ ಜರಾ ಖೋದಿ ತಗೊಂಡಿ ಬೈನ್.’ ನಮ್ಮ ಕಡೆಯ ತಪ್ಪಲ ಪಲ್ಯದ ತಪ್ಪಲವೇ ಅದು! ಒಂದೊಂದೇ ಪದ ತೆಗೆದು ಅದೇ ಜಾಗಕ್ಕೆ ಇನ್ನೊಂದು ಭಾಷೆಯ ಪದ ಇಡುತ್ತಾ ಹೋದರೆ ಸಾಕು, ಭಾಷೆಯೇ ಬದಲಾಗುತ್ತದೆ.

ಇಷ್ಟು ಹೊಂದಿಕೊಳ್ಳಲು ಎಲ್ಲ ಭಾಷೆಗಳೂ ಬಾಗಿವೆ. ಬೇರೆ ಕಡೆಯ ಮರಾಠಿಯಲ್ಲಿ ನದಿ ಹೆಣ್ಣು. ಕುಪ್ವಾರದ ಮರಾಠಿಯಲ್ಲಿ ಮಾತ್ರ ಕನ್ನಡದ ಹಾಗೆ ‘ಅದು’. ಮರಾಠಿಯವರು ‘ಘರ ಆಹೇ’ ಅನ್ನುತ್ತಾರಲ್ಲ, ಆ ‘ಆಹೇ’ಯ ಜಾಗದಲ್ಲಿ ಅಲ್ಲಿನ ಕನ್ನಡದವರು ಇಟ್ಟಿದ್ದೇ ‘ಐತಿ’. ಅದು ತಪ್ಪಲ್ಲ, ಅಕ್ಕಪಕ್ಕದಲ್ಲಿ ಬಾಳಿದ್ದರ ಗುರುತು. ಓದಿದಾಗ ನನಗೆ ಕಣ್ಣು ತುಂಬಿ ಬಂತು.

ಆದರೂ ಯಾರೂ ತಮ್ಮ ಮನೆಯ ಪದಗಳನ್ನು ಬಿಟ್ಟುಕೊಡಲಿಲ್ಲ. ಅದರಲ್ಲಿ ಅಭಿಮಾನ ಇದೆ, ನಿಜ. ಜಾತಿಯ ಗೋಡೆಯೂ ಇದೆ, ಅದನ್ನು ಮುಚ್ಚಿಡಬಾರದು. ಬೇರೆ ಗುಂಪಿನವರ ಜೊತೆ ಹೆಚ್ಚಾಗಿ ಮರಾಠಿ ನಡೆಯುತ್ತಿತ್ತು. ಕನ್ನಡ, ಉರ್ದು ತಮ್ಮ ತಮ್ಮ ಜನರ ನಡುವೆ ಉಳಿದವು.

ಹೋದ ಬೇಸಿಗೆಯಲ್ಲಿ ಮಗಳನ್ನು ಊರಿಗೆ ಕರೆದುಕೊಂಡು ಹೋಗಿದ್ದೆ. ಬಸ್ಸಿಳಿದು ಓಣಿಯ ತಿರುವಿಗೆ ಬಂದಾಗ ಕೈ ತೋರಿಸಿ ಹೇಳಿದೆ: ‘ನೋಡವ್ವಾ, ಇದ ನಮ್ ಮನಿ ಐತಿ.’