ಅಳಿಸಿ ನೋಡಲೆಂದೇ ಅಚ್ಚಾದ ಅಂಚೆಚೀಟಿಗಳು

ಕೇಳುಗರೆಲ್ಲರಿಗೂ ನಮಸ್ಕಾರ. ಅಂಚೆಚೀಟಿ ಸಂಗ್ರಹಿಸುವವರು ಸಾಮಾನ್ಯವಾಗಿ ಕಲೆಯಿಲ್ಲದ, ಬಣ್ಣ ಮಾಸದ ಚೀಟಿಯನ್ನು ಹುಡುಕುತ್ತಾರೆ. ಆದರೆ ಬಣ್ಣ ಕದಡಿ, ಮೇಲಿನ ಮುದ್ರೆ ಅರ್ಧ ಅಳಿಸಿಹೋಗಿದ್ದರೂ ಜತನ ಮಾಡಬೇಕಾದ ಕೆಲವು ಚೀಟಿಗಳಿವೆ. ಬ್ರಿಟನ್ನಿನಲ್ಲಿ 1840ರಲ್ಲಿ ಪ್ರಯೋಗಕ್ಕಾಗಿ ಅಚ್ಚು ಹಾಕಿದ ಆ ಚೀಟಿಗಳನ್ನು ಸಂಗ್ರಾಹಕರು ‘ರೇನ್‌ಬೋ ಟ್ರಯಲ್’ ಎನ್ನುತ್ತಾರೆ.

ಜಗತ್ತಿನ ಮೊದಲ ಅಂಟು ಅಂಚೆಚೀಟಿಯಾದ ಪೆನ್ನಿ ಬ್ಲ್ಯಾಕ್ 1840ರ ಮೇ 6ರಿಂದ ಚಲಾವಣೆಗೆ ಬಂದಿತು. ಬಳಸಿದ ಕಪ್ಪು ಚೀಟಿಯ ಮೇಲೆ ಅಂಚೆಯವರು ಮಾಲ್ಟೀಸ್ ಶಿಲುಬೆಯ ಆಕಾರದ ಕೆಂಪು ಮುದ್ರೆ ಒತ್ತುತ್ತಿದ್ದರು. ಆ ಕೆಂಪನ್ನು ತೊಳೆದು ತೆಗೆದು ಅದೇ ಚೀಟಿಯನ್ನು ಮತ್ತೆ ಅಂಟಿಸಲು ಸಾಧ್ಯವೆಂಬುದು ಬೇಗನೆ ತಿಳಿಯಿತು. ಅಂಚೆ ಸುಧಾರಣೆಯ ರೂವಾರಿ ರೋಲಂಡ್ ಹಿಲ್ ಮತ್ತು ಮುದ್ರಕರಾದ ಪರ್ಕಿನ್ಸ್ ಬೇಕನ್ ಸಂಸ್ಥೆಯವರಿಗೆ ಬೇಕಾಗಿದ್ದುದು, ಮುದ್ರೆಯನ್ನು ಅಳಿಸಲು ಹೋದರೆ ಚೀಟಿಯ ಚಿತ್ರವೇ ಅಳಿಸಿಹೋಗುವಂಥ ಶಾಯಿ. ಅದಕ್ಕಾಗಿ ಹನ್ನೆರಡು ಚೀಟಿಗಳ ಪುಟ್ಟ ಫಲಕವೊಂದನ್ನು ಸಿದ್ಧಪಡಿಸಿ, ಬಗೆಬಗೆಯ ಬಣ್ಣಗಳಲ್ಲಿ ಅಚ್ಚು ಹಾಕಿ, ಮುದ್ರೆ ಒತ್ತಿ, ಅಳಿಸಿ ನೋಡಿದರು.

ಅಂಥ ಚೀಟಿಯನ್ನು ಭೂತಗನ್ನಡಿಯ ಕೆಳಗಿಟ್ಟರೆ ಮೊದಲು ಕಾಣುವುದು ಬಲಗಡೆಯ ಮೇಲ್ಮೂಲೆ. ಪೆನ್ನಿ ಬ್ಲ್ಯಾಕ್‌ನಲ್ಲಿ ಅಲ್ಲಿ ಪುಟ್ಟ ಅಲಂಕಾರವಿದೆ. ಇಲ್ಲಿ ಆ ಮೂಲೆ ಖಾಲಿ. ಅಳಿಸುವ ಪ್ರಯತ್ನಕ್ಕೆ ಒಳಗಾದ ಪ್ರತಿಯಲ್ಲಿ ರಾಣಿ ವಿಕ್ಟೋರಿಯಾಳ ಕೆನ್ನೆಯ ಸೂಕ್ಷ್ಮ ಗೆರೆಗಳು ಮಸುಕಾಗಿರುತ್ತವೆ. ಆ ಮಸುಕನ್ನು ದೋಷವೆಂದು ಬಗೆಯುವುದು ತಪ್ಪು. ಅದು ಅಂದಿನ ಪರೀಕ್ಷೆಯ ದಾಖಲೆ. ಆದ್ದರಿಂದ ಇವುಗಳನ್ನು ನೀರಿಗೆ ಹಾಕಿ ಶುಚಿಗೊಳಿಸಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಕರಗುತ್ತದೆಯೇ ಎಂದು ನೋಡಲೆಂದೇ ಬಳಿದ ಶಾಯಿ ಕರಗಿಬಿಟ್ಟೀತು. ಚಿಮಟದಿಂದ ಹಿಡಿದು, ಒಣ ಜಾಗದಲ್ಲಿ, ಬೆಳಕು ತಾಗದಂತೆ ಇಡಬೇಕು. ಕೊಳ್ಳುವ ಮುನ್ನ ತಜ್ಞರ ದೃಢೀಕರಣ ಪತ್ರ ಕೇಳುವುದಂತೂ ಅಗತ್ಯ.

ಈ ಪ್ರಯೋಗಗಳ ಬಳಿಕ 1841ರ ಫೆಬ್ರವರಿಯಲ್ಲಿ ಚೀಟಿಯ ಬಣ್ಣ ಕೆಂಗಂದಾಯಿತು, ಮುದ್ರೆ ಕಪ್ಪಾಯಿತು. ರೇನ್‌ಬೋ ಟ್ರಯಲ್ ಅಪರೂಪದ ವಸ್ತು. ಹೆಚ್ಚಿನವರಿಗೆ ಅದರ ಬೆಲೆ ನಿಲುಕದು. ಆದರೆ ಆ ಕೆಂಪು ಚೀಟಿ, ಅಂದರೆ ಪೆನ್ನಿ ರೆಡ್, ಇಂದಿಗೂ ಕಡಿಮೆ ಬೆಲೆಗೆ ದೊರೆಯುತ್ತದೆ. ಆರಂಭದ ವರ್ಷಗಳ ಒಂದು ಪ್ರತಿ ಸಿಕ್ಕರೆ ಮಗುಚಿ ನೋಡಿ: ಬಿಳಿಯ ಕಾಗದ ತೆಳು ನೀಲಿಗೆ ತಿರುಗಿರುವುದು ಕಾಣುತ್ತದೆ. ಅಳಿಸುವವರ ಕೈಚಳಕ ತಡೆಯಲೆಂದು ಶಾಯಿಗೆ ಬೆರೆಸಿದ ಪ್ರಷ್ಯೇಟ್ ಆಫ್ ಪೊಟ್ಯಾಶ್ ಎಂಬ ರಾಸಾಯನಿಕ ಅಲ್ಲಿ ಇನ್ನೂ ಉಳಿಸಿರುವ ಬಣ್ಣ ಅದು. ನಮಸ್ಕಾರ.