ಸ್ಟುಡಿಯೊಗೆ ಬೀಗ ಹಾಕುವ ಮುನ್ನ

ಸಭಾಧ್ಯಕ್ಷರೇ, ಸಹೋದ್ಯೋಗಿಗಳೇ, ವಿದ್ಯಾರ್ಥಿ ಮಿತ್ರರೇ,

ವಿಶ್ವವಿದ್ಯಾಲಯಗಳಿಗೆ ಹಣದ ಮುಗ್ಗಟ್ಟು ಬಂದಾಗ ಮೊದಲು ಕತ್ತರಿ ಬೀಳುವ ವಿಭಾಗಗಳಲ್ಲಿ ದೃಶ್ಯಕಲೆಯೂ ಒಂದು. ಅದಕ್ಕೆ ಕೊಡುವ ಕಾರಣ ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. 150 ಮಂದಿಯನ್ನು ಒಂದೇ ಸಭಾಂಗಣದಲ್ಲಿ ಕೂರಿಸಿ ಪಾಠ ಹೇಳಬಹುದಾದ ವಿಷಯಗಳ ಪಕ್ಕದಲ್ಲಿ, 15 ವಿದ್ಯಾರ್ಥಿಗಳಿಗಾಗಿ ವಿಶಾಲವಾದ ಕೊಠಡಿ, ಅಧ್ಯಾಪಕರು, ಕಾರ್ಯಾಗಾರದ ಸಹಾಯಕರು, ಯಂತ್ರ, ಬಣ್ಣ, ಕಾಗದ ಎಲ್ಲವನ್ನೂ ಕೇಳುವ ವಿಭಾಗ ದುಬಾರಿಯೆನಿಸುವುದು ಸಹಜ. ಅದು ದುಬಾರಿ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಆ ಹಣದಿಂದ ಕೊಠಡಿಯೊಳಗೆ ಏನು ನಡೆಯುತ್ತದೆ ಎಂಬುದನ್ನು ನೋಡದೆಯೇ ಲೆಕ್ಕ ಬರೆಯಲಾಗುತ್ತಿದೆ. ನನ್ನ ತಕರಾರು ಇರುವುದು ಅಲ್ಲಿ.

ಇಂಗ್ಲೆಂಡಿನ ಉದಾಹರಣೆಯೊಂದು ನಮ್ಮ ಕಣ್ಣೆದುರಿಗಿದೆ. ಕಲಿಸಲು ಹೆಚ್ಚು ವೆಚ್ಚ ತಗಲುವ ವಿಷಯಗಳಿಗೆ ಅಲ್ಲಿ ಸರ್ಕಾರ ಪ್ರತ್ಯೇಕ ಪೂರಕ ಅನುದಾನ ಕೊಡುತ್ತದೆ. 2021ರಲ್ಲಿ ಕಲಾ ವಿಷಯಗಳ ಪಾಲಿನ ಈ ಅನುದಾನವನ್ನು ವಿದ್ಯಾರ್ಥಿಯೊಬ್ಬರಿಗೆ 243 ಪೌಂಡಿನಿಂದ 121.50 ಪೌಂಡಿಗೆ, ಅಂದರೆ ಸರಿಯಾಗಿ ಅರ್ಧಕ್ಕೆ, ಇಳಿಸಲಾಯಿತು. ಈ ವಿಷಯಗಳು ರಾಷ್ಟ್ರದ ಆದ್ಯತೆಯ ಪಟ್ಟಿಯಲ್ಲಿಲ್ಲ ಎಂಬುದು ಕೊಟ್ಟ ಕಾರಣ. ಮೊತ್ತ ಚಿಕ್ಕದೇ ಇರಬಹುದು. ಅದು ಸಾರಿದ ತೀರ್ಪು ಚಿಕ್ಕದಲ್ಲ. ಕಲೆ ಕೈಕೆಲಸವೋ ಅಲಂಕಾರವೋ ಹೌದು, ಅದನ್ನು ಜ್ಞಾನವೆನ್ನಲಾಗದು ಎಂಬ ಹಳೆಯ ನಂಬಿಕೆಯೇ ಆ ತೀರ್ಪಿನ ಬುಡದಲ್ಲಿದೆ.

ಆ ನಂಬಿಕೆಯನ್ನು ಪರೀಕ್ಷಿಸಬೇಕಾದರೆ ಮೊದಲ ವರ್ಷದ ರೇಖಾಚಿತ್ರದ ತರಗತಿಗೆ ಬರಬೇಕು. ನಡುವೆ ಒಂದು ಮರದ ಕುರ್ಚಿ, ಸುತ್ತಲೂ ವಿದ್ಯಾರ್ಥಿಗಳು. ಬಹುತೇಕ ಎಲ್ಲರೂ ಮೊದಲ ದಿನ ಕುರ್ಚಿಯ ನಾಲ್ಕೂ ಕಾಲುಗಳನ್ನು ಒಂದೇ ಉದ್ದಕ್ಕೆ ಬರೆಯುತ್ತಾರೆ. ಕೂತ ಜಾಗದಿಂದ ಹಿಂದಿನ ಕಾಲು ಗಿಡ್ಡವಾಗಿ ಕಾಣುತ್ತಿದ್ದರೂ ಹಾಗೆ ಬರೆಯಲು ಕೈ ಒಪ್ಪುವುದಿಲ್ಲ, ಏಕೆಂದರೆ ಕಾಲುಗಳು ಸಮವಾಗಿವೆ ಎಂಬುದು ಅವರಿಗೆ ಮೊದಲೇ ಗೊತ್ತು. ಆಗ ನಾನು, ಕುರ್ಚಿಯನ್ನು ಬಿಟ್ಟುಬಿಡಿ, ಕಾಲುಗಳ ನಡುವಿನ ಖಾಲಿ ಜಾಗದ ಆಕಾರವನ್ನಷ್ಟೇ ಬರೆಯಿರಿ ಎನ್ನುತ್ತೇನೆ. ಆ ಖಾಲಿ ಜಾಗಕ್ಕೆ ಹೆಸರಿಲ್ಲ, ಅದರ ಬಗ್ಗೆ ಯಾರಿಗೂ ಮೊದಲೇ ಏನೂ ಗೊತ್ತಿಲ್ಲ, ಹಾಗಾಗಿ ನೋಡದೆ ಗತ್ಯಂತರವಿಲ್ಲ. ಅಳಿಸಿ, ಮತ್ತೆ ಬರೆದು, ಕಾಗದ ಮಾಸಿ, ಎರಡು ಗಂಟೆ ಕಳೆಯುವ ಹೊತ್ತಿಗೆ ಆ ಖಾಲಿ ಆಕಾರಗಳ ನಡುವಿನಿಂದ ಕುರ್ಚಿ ತಾನಾಗಿಯೇ ಎದ್ದು ನಿಲ್ಲುತ್ತದೆ. ಗೊತ್ತಿರುವುದನ್ನು ಬದಿಗಿಟ್ಟು ಕಾಣುತ್ತಿರುವುದನ್ನು ಒಪ್ಪಿಕೊಳ್ಳುವ ಈ ಅಭ್ಯಾಸವನ್ನು ಇಷ್ಟು ನೇರವಾಗಿ ಕಲಿಸುವ ಇನ್ನೊಂದು ತರಗತಿಯನ್ನು ನಾನು ಕಂಡಿಲ್ಲ.

ವಿಜ್ಞಾನದ ಚರಿತ್ರೆಯಲ್ಲೇ ಇದಕ್ಕೆ ಸಾಕ್ಷಿಯಿದೆ. 1609ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಗಣಿತಜ್ಞ ಥಾಮಸ್ ಹ್ಯಾರಿಯಟ್ ದೂರದರ್ಶಕದಲ್ಲಿ ಚಂದ್ರನನ್ನು ನೋಡಿ ಚಿತ್ರ ಬರೆದ. ಅದರಲ್ಲಿರುವುದು ಒರಟಾದ ಗಡಿಗೆರೆ ಮತ್ತು ಒಂದಿಷ್ಟು ಕಲೆಗಳು, ಅಷ್ಟೆ. ಅದೇ ವರ್ಷದ ಕೊನೆಯಲ್ಲಿ ಗೆಲಿಲಿಯೊ ಅದೇ ಚಂದ್ರನನ್ನು ನೋಡಿ, ಆ ಕಲೆಗಳಲ್ಲಿ ಬೆಟ್ಟಗಳ ಮತ್ತು ತಗ್ಗುಗಳ ನೆರಳನ್ನು ಗುರುತಿಸಿ, ನೆರಳು ಬೆಳಕುಗಳ ಹದವರಿತು ಚಿತ್ರಿಸಿದ. ಚಂದ್ರ ನುಣುಪಾದ ಗೋಳ ಎಂದೇ ವಿದ್ವಾಂಸರು ನಂಬಿದ್ದ ಕಾಲವದು. ಗೆಲಿಲಿಯೊ ಚಿತ್ರರಚನೆಯನ್ನೂ, ದೂರ ಹತ್ತಿರಗಳನ್ನು ಕಣ್ಣಿಗೆ ಕಾಣುವಂತೆಯೇ ಬರೆಯುವ ಯಥಾದೃಷ್ಟಿಯ ನಿಯಮಗಳನ್ನೂ ಬಲ್ಲವನಾಗಿದ್ದ. 1613ರಲ್ಲಿ ಫ್ಲಾರೆನ್ಸಿನ ಚಿತ್ರಕಲಾ ಅಕಾಡೆಮಿ ಅವನನ್ನು ಸದಸ್ಯನನ್ನಾಗಿ ಮಾಡಿಕೊಂಡಿತು. ಅವನ ಯಶಸ್ಸಿಗೆ ಉಪಕರಣದ ಗುಣವೂ ಕಾರಣವಿದ್ದೀತು. ಆದರೆ ಗೆಲಿಲಿಯೊನ ಪುಸ್ತಕ 1610ರಲ್ಲಿ ಪ್ರಕಟವಾದ ಬಳಿಕ ಹ್ಯಾರಿಯಟ್‌ನ ಚಿತ್ರಗಳಲ್ಲೂ ಕುಳಿಗಳು ಕಾಣಿಸಿಕೊಂಡವು ಎಂಬ ಸಂಗತಿ ನನ್ನನ್ನು ಬಹಳ ಕಾಡಿದೆ. ಕಣ್ಣಿಗೂ ತರಬೇತಿ ಬೇಕು ಎನ್ನಲು ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು.

ಇಂಥ ಉದಾಹರಣೆ ಕೊಡುವಾಗ ನನಗೊಂದು ಅಳುಕೂ ಇದೆ. ಕಲೆಯಿಂದ ವಿಜ್ಞಾನಕ್ಕೆ ಲಾಭ, ಉದ್ಯಮಕ್ಕೆ ಲಾಭ ಎನ್ನುತ್ತಲೇ ಹೋದರೆ, ಲಾಭ ತೋರಿಸಲಾಗದ ದಿನ ನಮ್ಮ ಬಾಯಲ್ಲಿ ಮಾತೇ ಉಳಿಯುವುದಿಲ್ಲ. ಗಣಿತ ವಿಭಾಗವನ್ನು ಯಾರೂ ಹಾಗೆ ಪ್ರಶ್ನಿಸುವುದಿಲ್ಲ. ಅದು ಅರಿವಿನ ಒಂದು ದಾರಿ ಎಂದು ಒಪ್ಪಿಯಾಗಿದೆ. ದೃಶ್ಯಕಲೆಗೂ ಅದೇ ಸ್ಥಾನ ಸಲ್ಲಬೇಕು ಎಂಬುದೇ ನನ್ನ ವಾದ.

ಕಡಿತದಿಂದ ಆಗುವ ನಷ್ಟದ ಸ್ವರೂಪವನ್ನು ಮುದ್ರಣಕಲೆಯ ಕೊಠಡಿಯಲ್ಲಿ ಸ್ಪಷ್ಟವಾಗಿ ಕಾಣಬಹುದು. ಎಚ್ಚಿಂಗ್‌ನಲ್ಲಿ ಕಾಗದಕ್ಕೆ ಅಚ್ಚೊತ್ತುವ ಮೊದಲು, ತಾಮ್ರದ ತಗಡಿನ ಮೇಲೆ ಆಮ್ಲದಿಂದ ಕೊರೆದ ಗೀರುಗಳಿಗೆ ಶಾಯಿ ತುಂಬಿ, ಮೇಲ್ಮೈಯನ್ನು ಜಾಳು ಬಟ್ಟೆಯಿಂದ ಒರೆಸಬೇಕು. ಒರೆಸುವುದು ಹೆಚ್ಚಾದರೆ ಗೀರಿನೊಳಗಿನ ಶಾಯಿಯೂ ಎದ್ದು ಬಂದು ಗೆರೆ ಸಪ್ಪೆಯಾಗುತ್ತದೆ. ಕಡಿಮೆಯಾದರೆ ಬೆಳಕಿರಬೇಕಾದ ಜಾಗ ಮಂಕಾಗುತ್ತದೆ. ಎಷ್ಟು ಸಾಕು ಎಂಬುದು ಅಂಗೈಗೆ ಗೊತ್ತಾಗಬೇಕು, ಮತ್ತು ಅದು ಒಂದು ಅಂಗೈಯಿಂದ ಇನ್ನೊಂದಕ್ಕೆ, ಪಕ್ಕದಲ್ಲಿ ನಿಂತು ಮಾಡಿದಾಗ ಮಾತ್ರ ದಾಟುತ್ತದೆ. ಹೀಗೆ ಪಕ್ಕದಲ್ಲಿ ನಿಂತು ಕಲಿಸುವ ಕಾರ್ಯಾಗಾರ ಸಹಾಯಕರ ಹುದ್ದೆಯನ್ನು ಮೂರು ವರ್ಷ ಖಾಲಿ ಬಿಟ್ಟರೆ ಒಂದು ಇಡೀ ತಂಡ ಇದನ್ನು ಕಲಿಯದೆ ಹೊರಹೋಗುತ್ತದೆ. ಪ್ರೆಸ್ಸನ್ನು ಮಾರಿದ ಹಣ ಒಂದು ವರ್ಷದ ಲೆಕ್ಕಕ್ಕೆ ಜಮಾ ಆಗಬಹುದು, ಆದರೆ ಮತ್ತೆ ಅದೇ ಕೊಠಡಿಯನ್ನು ಕಟ್ಟಲು ಹಣವೊಂದೇ ಸಾಲದು.

ಜರ್ಮನಿಯ ಬೌಹೌಸ್ ಕಲಾಶಾಲೆಯ ಕಥೆ ನಿಮಗೆ ತಿಳಿದಿದೆ. 1919ರಲ್ಲಿ ವೈಮಾರ್‌ನಲ್ಲಿ ಆರಂಭವಾದ ಆ ಶಾಲೆಯ ಅನುದಾನವನ್ನು 1924ರಲ್ಲಿ ಅಲ್ಲಿನ ಪ್ರಾಂತ್ಯ ಸರ್ಕಾರ ಅರ್ಧಕ್ಕಿಳಿಸಿತು. 1925ರಲ್ಲಿ ಡೆಸೌ ನಗರ ಕರೆದು ಜಾಗ ಕೊಟ್ಟಿದ್ದರಿಂದ ಅದು ಮುಂದುವರಿಯಿತು. ಇಂದು ಜಗತ್ತಿನ ಎಷ್ಟೋ ಕಲಾಶಾಲೆಗಳ ಮೊದಲ ವರ್ಷದ ಪಾಠಕ್ರಮದಲ್ಲಿ ಅದರ ಆರಂಭಿಕ ಕೋರ್ಸಿನ ಅಂಶಗಳಿವೆ. ಅಂದು ಅನುದಾನ ಕಡಿತಗೊಳಿಸಿದವರ ಲೆಕ್ಕಪುಸ್ತಕದಲ್ಲಿ ಇದಕ್ಕೆ ಅಂಕಣವೇ ಇರಲಿಲ್ಲ. ಕರೆದು ಜಾಗ ಕೊಡುವ ಡೆಸೌ ಎಲ್ಲ ಶಾಲೆಗಳಿಗೂ ಸಿಗುವುದಿಲ್ಲ.

ಆದ್ದರಿಂದ ಹಣಕಾಸು ಸಮಿತಿಗಳ ಮುಂದೆ ನನ್ನ ಬೇಡಿಕೆ ಸ್ಪಷ್ಟವಾಗಿದೆ. ಯಾವುದೇ ಸ್ಟುಡಿಯೊವನ್ನು ಮುಚ್ಚುವ ಪ್ರಸ್ತಾವದಲ್ಲಿ, ಉಳಿತಾಯದ ಮೊತ್ತದ ಪಕ್ಕದಲ್ಲೇ ಅದನ್ನು ಮರಳಿ ತೆರೆಯಲು ಬೇಕಾಗುವ ಹಣ, ವರ್ಷಗಳು ಮತ್ತು ನುರಿತ ಕೈಗಳ ಲೆಕ್ಕವನ್ನೂ ಬರೆಯಬೇಕು. ಕಾರ್ಯಾಗಾರ ಸಹಾಯಕರನ್ನು ಬೋಧಕ ಸಿಬ್ಬಂದಿಯೆಂದೇ ಪರಿಗಣಿಸಬೇಕು. ಮತ್ತು ಸಹಿ ಹಾಕುವ ಮುನ್ನ ಸಮಿತಿಯ ಸದಸ್ಯರೆಲ್ಲರೂ ಒಂದು ಮಧ್ಯಾಹ್ನ ಆ ಕುರ್ಚಿಯ ಸುತ್ತ ಕುಳಿತು, ಪೆನ್ಸಿಲ್ ಹಿಡಿದು, ಅದರ ಕಾಲುಗಳ ನಡುವಿನ ಖಾಲಿ ಜಾಗವನ್ನು ಬರೆಯಬೇಕು. ಕಾಗದ, ಪೆನ್ಸಿಲ್ಲುಗಳನ್ನು ನಮ್ಮ ವಿಭಾಗವೇ ಒದಗಿಸುತ್ತದೆ.