ನಡೆಯುವ ಎತ್ತು, ಓಡುವ ಪೆನ್ನು

ಕೇಳುಗರೆಲ್ಲರಿಗೂ ನಮಸ್ಕಾರ.

ಬೀದರ್ ಕಡೆಯ ದೇವಣಿ ಎತ್ತುಗಳನ್ನು ನೀವು ನೋಡಿರುತ್ತೀರಿ. ಅದರಲ್ಲಿ ಶೆವೆರಾ ಅನ್ನುವ ಬಗೆಗೆ ಬಿಳಿ ಮೈ ಮೇಲೆ ಅಲ್ಲಲ್ಲಿ ಕಪ್ಪು ಮಚ್ಚೆ. ಪೆನ್ನು ಹಿಡಿದು ಪ್ರಾಣಿಗಳ ಚಿತ್ರ ಕಲಿಯುವವರಿಗೆ ಇದಕ್ಕಿಂತ ಒಳ್ಳೆ ಗುರು ಬೇಕಾ?

ಎತ್ತು ನಿಲ್ಲಲಿ ಅಂತ ಕಾಯಬೇಡಿ. ನಡೆಯುವಾಗಲೇ ಬರೆಯಿರಿ. ನೆತ್ತಿಯಿಂದ ಕುತ್ತಿಗೆ, ಹಿಣಿಲು, ಬೆನ್ನು ಹಾದು ಬಾಲದ ಬುಡದವರೆಗೆ ಮೊದಲು ಒಂದೇ ಗೆರೆ. ಆಮೇಲೆ ಕಾಲು ನೋಡಿ. ಹಿಂಗಾಲು ಮೊದಲು ಏಳುತ್ತದೆ, ಅದೇ ಬದಿಯ ಮುಂಗಾಲು ಅದರ ಹಿಂದೆಯೇ ಏಳುತ್ತದೆ. ಮುಂಗಾಲಿನ ಮೇಲೆ ಭಾರ ಬಿದ್ದ ಕೂಡಲೇ ಹೆಗಲಿನ ಮೂಳೆ ಚರ್ಮದಡಿ ಮೇಲಕ್ಕೆ ಉಬ್ಬುತ್ತದೆ. ಪೆನ್ನು ಒತ್ತಬೇಕಾದದ್ದು ಅಲ್ಲಿ. ನೊಣ ಓಡಿಸಲು ತಲೆ ಹೊರಳಿಸಿದಾಗ ಕುತ್ತಿಗೆಯಡಿ ಜೋತಾಡುವ ಗಂಗೆದೊಗಲು ಒಂದು ಕ್ಷಣ ತಡವಾಗಿ ಹೊರಳುತ್ತದೆ. ಆ ತಡ ಗೆರೆಯಲ್ಲಿ ಬಂದರೆ ಎತ್ತಿಗೆ ಜೀವ ಬಂತು. ಮಚ್ಚೆ ತುಂಬುವ ಅವಸರ ಬೇಡ, ಚರ್ಮ ಜಗ್ಗಿದ ಹಾಗೆ ಅದರ ಆಕಾರವೂ ಬದಲಾಗುತ್ತದೆ.

ಹಿಂಗಾಲಿನಲ್ಲಿ ಹಿಂದಕ್ಕೆ ಬಾಗಿದ ಗೆಣ್ಣು ಮೊಣಕಾಲಲ್ಲ, ಅದು ಹಿಮ್ಮಡಿ. ಮೊಣಕಾಲು ಹೊಟ್ಟೆಯ ಹತ್ತಿರ ಮೇಲಿರುತ್ತದೆ.

ಪೆನ್ಸಿಲ್ ಯಾಕೆ ಬೇಡ ಅಂದರೆ, ಕೈ ಸುಮ್ನೆ ರಬ್ಬರ್ ಕಡೆ ಹೋಗುತ್ತದೆ, ಅಷ್ಟರಲ್ಲಿ ಎತ್ತು ಮುಂದೆ ಹೋಗಿರುತ್ತದೆ. ಪೆನ್ನಿನ ಗೆರೆ ತಪ್ಪಿದರೆ ಇರಲಿ, ಪಕ್ಕದಲ್ಲೇ ಇನ್ನೊಂದು ಎಳೆಯಿರಿ. ಒಂದೇ ಕಾಲಿಗೆ ಎರಡು ಮೂರು ಗೆರೆ ಬಿದ್ದರೆ ಓಟ ಇನ್ನೂ ಜಾಸ್ತಿ ಕಾಣುತ್ತದೆ. ಒಂದೇ ಹಾಳೆಯಲ್ಲಿ ನಾಲ್ಕೈದು ಭಂಗಿ ಶುರು ಮಾಡಿ. ಪ್ರಾಣಿ ಅದೇ ಭಂಗಿಗೆ ಮತ್ತೆ ಬರುತ್ತದೆ, ಆಗ ಅರ್ಧಕ್ಕೆ ಬಿಟ್ಟಿದ್ದನ್ನು ಮುಗಿಸಬಹುದು.

ಕುದುರೆ ಕಥೆ ಬೇರೆ, ಅದರ ವೇಗಕ್ಕೆ ಕಣ್ಣು ಸಾಲದು. ಓಡುವ ಕುದುರೆಯ ಕಾಲು ಹಿಂದೆ ಮುಂದೆ ಚಾಚಿ ಗಾಳಿಯಲ್ಲಿರುವಂತೆ ಚಿತ್ರಕಾರರು ಬರೆಯುತ್ತಿದ್ದರು. 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೈಬ್ರಿಜ್ ಅನ್ನುವ ಫೋಟೋಗ್ರಾಫರ್ ಸಾಲು ಫೋಟೋ ತೆಗೆದಾಗ ಗೊತ್ತಾಯಿತು, ನಾಲ್ಕೂ ಗೊರಸು ನೆಲ ಬಿಡುವುದು ಕಾಲುಗಳು ಹೊಟ್ಟೆಯ ಕೆಳಗೆ ಮಡಚಿದಾಗ. ಅಂಥ ಫೋಟೋ ನೋಡಿ ಕಲಿಯಿರಿ. ಆದರೆ ಮೊಬೈಲ್ ನೋಡಿ ನಕಲು ಮಾಡಬೇಡಿ. ಯಾವುದನ್ನು ಬಿಡಬೇಕು ಅನ್ನುವುದನ್ನು ನಿಮ್ಮ ಕಣ್ಣೇ ಕಲಿಯಬೇಕು, ಅಲ್ವಾ?

ಶಾಯಿ ಪೆನ್ನಿಗೆ ಇಂಡಿಯನ್ ಇಂಕ್ ಹಾಕಬೇಡಿ, ಅದರಲ್ಲಿರುವ ಅರಗು ಒಣಗಿ ಪೆನ್ನಿನ ನಾಲಿಗೆ ಕಟ್ಟಿಕೊಳ್ಳುತ್ತದೆ. ಸಾದಾ ಶಾಯಿ ಸಾಕು. ಒದ್ದೆ ಬೆರಳಿನಿಂದ ಉಜ್ಜಿದರೆ ಹೊಟ್ಟೆಯಡಿಯ ನೆರಳೂ ಸಿಗುತ್ತದೆ.

ಎತ್ತು, ಆಡು ಕೈಗೆ ಹತ್ತಿದ ಮೇಲೆ ಬೀದರ್ ಸುತ್ತಲಿನ ಕೃಷ್ಣಮೃಗಗಳನ್ನು ನೋಡಲು ಹೋಗಿ. ದೂರದಲ್ಲೇ ಕುಳಿತುಕೊಳ್ಳಿ. ಅದರ ಜಿಗಿತಕ್ಕೆ ಸಿಗುವುದು ಒಂದೇ ಗೆರೆಯಷ್ಟು ಹೊತ್ತು. ಆ ಗೆರೆಯನ್ನು ಬೆನ್ನಿಗೆ ಕೊಡಿ, ಕೊಂಬು ಆಮೇಲೆ.

ನಮಸ್ಕಾರ.